ಪೆಟ್ರೋಲ್ ಉಳಿಯಿತು, ರಸ್ತೆಗೆ ಕಾಸು ಎಲ್ಲಿಂದ?



ನಮ್ಮ ಬಡಾವಣೆಯ ಗೆಳೆಯರ ಸಭೆಯಲ್ಲಿ ಆಡಿದ ಮಾತನ್ನು ಬರೆದುಕೊಡಿ ಎಂದು ಪತ್ರಿಕೆಯವರು ಕೇಳಿದರು. ಬೇರೆಯವರ ಭಾಷಣ ಅಚ್ಚು ಹಾಕಿ ಅಭ್ಯಾಸವೇ ಹೊರತು ನನ್ನದೇ ಭಾಷಣ ಅಚ್ಚಾಗುವುದು ಇದೇ ಮೊದಲು. ನಾನು ಅರ್ಥಶಾಸ್ತ್ರ ಓದಿದವನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಬಿಲ್ ಬುಕ್ಕು, ಲಗ್ನಪತ್ರಿಕೆ, ಕರಪತ್ರ, ರಾಜ್ಯೋತ್ಸವದ ಪೋಸ್ಟರು ಇವೇ ನನ್ನ ಪಾಠಪುಸ್ತಕ. ಆದ್ದರಿಂದ ಪ್ರೆಸ್ಸಿನ ಕಥೆಯಿಂದಲೇ ಶುರು ಮಾಡುತ್ತೇನೆ.

ಅಪ್ಪನ ಕಾಲದಲ್ಲಿ ನಮ್ಮಲ್ಲಿ ಒಂದು ಟ್ರೆಡಲ್ ಮೆಷಿನ್ ಇತ್ತು. ರಾತ್ರಿ ಹೊತ್ತು ಸುಮ್ಮನೆ ನಿಂತಿರುತ್ತಿತ್ತು. ಪಕ್ಕದ ಬೀದಿಯ ಇನ್ನೊಬ್ಬ ಮುದ್ರಕರು ರಾತ್ರಿ ಕೆಲಸಕ್ಕೆ ಅದನ್ನು ಕೇಳಿದರು. ಬಾಡಿಗೆ ಹೇಗೆ ಲೆಕ್ಕ ಹಾಕುವುದು? ಅಪ್ಪ ಸುಲಭದ ದಾರಿ ಹಿಡಿದರು. "ಇಂಕು ನನ್ನ ಹತ್ತಿರವೇ ತಗೊಳ್ಳಿ. ಡಬ್ಬಕ್ಕೆ ಇಷ್ಟು ಅಂತ ಹೆಚ್ಚಿಗೆ ಹಾಕುತ್ತೇನೆ. ಅದೇ ಬಾಡಿಗೆ" ಅಂದರು. ದಪ್ಪಕ್ಷರದ ಪೋಸ್ಟರು ಹಾಕುವವರೆಗೆ ಲೆಕ್ಕ ಸರಿಹೋಯಿತು. ಡಬ್ಬಗಳು ಖಾಲಿಯಾದವು, ಬಾಡಿಗೆ ಬಂತು. ಆಮೇಲೆ ಆತ ರಸೀದಿ ಪುಸ್ತಕದ ಕೆಲಸ ತಂದರು. ಸಣ್ಣಕ್ಷರ, ತೆಳುಗೆರೆ. ಒಂದು ಡಬ್ಬ ಇಂಕಿನಲ್ಲಿ ಸಾವಿರಗಟ್ಟಲೆ ಹಾಳೆ ಮುಗಿಯತೊಡಗಿತು. ನಂತರ ಊದಿನಕಡ್ಡಿ ಡಬ್ಬಿಯ ರಟ್ಟು ಕತ್ತರಿಸುವ ಕೆಲಸ ತಂದರು. ಅದಕ್ಕೆ ಇಂಕೇ ಬೇಡ! ಮೆಷಿನ್ನಿನ ಮೇಲೆ ಬೀಳುವ ಒತ್ತಡ ಮಾತ್ರ ಎಲ್ಲಕ್ಕಿಂತ ಹೆಚ್ಚು. ವರ್ಷ ಕಳೆಯುವುದರೊಳಗೆ ಮೆಷಿನ್ ಸಡಿಲವಾಯಿತು. ರಿಪೇರಿ ದುಡ್ಡು ಅಪ್ಪನ ಜೇಬಿನಿಂದಲೇ ಹೋಯಿತು.

ಅಮ್ಮ ಅಂದ ಮಾತು ನನಗೆ ಈಗಲೂ ನೆನಪಿದೆ: "ಇಂಕಿನ ಲೆಕ್ಕ ಬರೆದಿರಿ, ಮೆಷಿನ್ ತುಳಿದ ಲೆಕ್ಕ ಬರೆಯಲಿಲ್ಲವಲ್ಲ!"

ಬಂಧುಗಳೇ, ಈ ದೇಶದ ರಸ್ತೆಗಳ ಕಥೆಯೂ ಇದೇ. ರಸ್ತೆಯ ಬಾಡಿಗೆಯನ್ನು ನಾವು ಇಂಕಿನ ಡಬ್ಬದ ಮೇಲೆ ವಸೂಲು ಮಾಡುತ್ತಿದ್ದೇವೆ. ಆ ಡಬ್ಬದ ಹೆಸರು ಪೆಟ್ರೋಲ್, ಡೀಸೆಲ್.

ಈ ಪದ್ಧತಿ ಇವತ್ತಿನದಲ್ಲ. ಬ್ರಿಟಿಷರ ಕಾಲದಲ್ಲಿ, 1927ರಲ್ಲಿ, ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ರಸ್ತೆಗಳ ಬಗ್ಗೆ ಒಂದು ಸಮಿತಿ ಕೂತಿತು. ಮೋಟಾರು ಹೆಚ್ಚಾಗುತ್ತಿದೆ, ರಸ್ತೆ ಹಾಳಾಗುತ್ತಿದೆ, ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚಿನ ಸುಂಕ ಹಾಕಿ ರಸ್ತೆಗೇ ಮೀಸಲಿಡಿ ಎಂದಿತು. 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. ಅಮೆರಿಕದ ಆರೆಗಾನ್ ರಾಜ್ಯ ಇದಕ್ಕೂ ಹತ್ತು ವರ್ಷ ಮುಂಚೆ, 1919ರಲ್ಲಿ, ಗ್ಯಾಲನ್ನಿಗೆ ಒಂದು ಸೆಂಟ್ ತೆರಿಗೆ ಹಾಕಿತ್ತು. ಅಲ್ಲಿ ಅದನ್ನು ಮೊದಲು ಮಾಡಿದ ರಾಜ್ಯ ಅದು.

ನಮ್ಮ ಕಾಲಕ್ಕೆ ಬನ್ನಿ. 1998ರಲ್ಲಿ ಪೆಟ್ರೋಲಿಗೆ, 1999ರಲ್ಲಿ ಡೀಸೆಲ್ಲಿಗೆ ಲೀಟರಿಗೆ ಒಂದೊಂದು ರೂಪಾಯಿ ರಸ್ತೆಗೆಂದು ಬಿತ್ತು. 2000ರಲ್ಲಿ ಕೇಂದ್ರ ರಸ್ತೆ ನಿಧಿ ಕಾಯ್ದೆ ಬಂತು. ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರಿಗೆ ಬರುವ ಸುವರ್ಣ ಚತುಷ್ಪಥ ಹೆದ್ದಾರಿಗೆ ಈ ದುಡ್ಡೂ ಸೇರಿದೆ. ಹಳ್ಳಿ ರಸ್ತೆ ಯೋಜನೆಗೂ ಡೀಸೆಲ್ ಸೆಸ್ಸಿನ ಪಾಲು ಹೋಯಿತು. ಅಂದರೆ ಹಾಲು ಹಾಕುವ ಹುಡುಗ ತನ್ನ ಮೊಪೆಡ್ಡಿಗೆ ಒಂದು ಲೀಟರ್ ಹಾಕಿಸಿದರೂ ಆತ ಆ ರಸ್ತೆಯ ಪಾಲುದಾರ. ಇದು ನೆನಪಿರಲಿ.

ಇನ್ನು ರಾಜ್ಯ ಸರ್ಕಾರವೂ ಇದೇ ಡಬ್ಬವನ್ನು ನಂಬಿದೆ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯೊಳಗೆ ಬಂದಿಲ್ಲವಾದ್ದರಿಂದ ಮಾರಾಟ ತೆರಿಗೆ ರಾಜ್ಯದ ಕೈಯಲ್ಲಿ ಉಳಿದಿದೆ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೆ ಏರಿಸಿತು. ಡೀಸೆಲ್ಲಿನದನ್ನು ಅದೇ ದಿನ 18.4ಕ್ಕೂ, 2025ರ ಏಪ್ರಿಲ್‌ನಲ್ಲಿ 21.17ಕ್ಕೂ ಏರಿಸಿತು. ದುಡ್ಡು ಸಾಲದಾಗ ಕೈ ಹೋಗುವುದು ಪೆಟ್ರೋಲ್ ಬಂಕಿನ ಕಡೆಗೇ!

ಆದರೆ ಡಬ್ಬ ಕಿರಿದಾಗುತ್ತಿದೆ. ಅಂಬಾಸಿಡರ್ ಕಾರು ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ ಮಾಲೀಕ ತೆಂಗಿನಕಾಯಿ ಒಡೆಯುತ್ತಿದ್ದ. ಈಗಿನ ಸಣ್ಣ ಕಾರುಗಳು ಇಪ್ಪತ್ತು ಕೊಡುತ್ತವೆ. ಸರ್ಕಾರವೇ ನಿಯಮ ಮಾಡಿದೆ: ಕಾರು ಕಂಪನಿಗಳು ಮಾರುವ ಕಾರುಗಳು ಉಗುಳುವ ಇಂಗಾಲದ ಡೈ ಆಕ್ಸೈಡ್ ಸರಾಸರಿ ಕಿಲೋಮೀಟರಿಗೆ 130 ಗ್ರಾಂ ಮೀರಬಾರದು ಎಂದು 2017ರಿಂದ, 113 ಗ್ರಾಂ ಮೀರಬಾರದು ಎಂದು 2022ರಿಂದ. ಹೊಗೆ ಕಡಿಮೆ ಎಂದರೆ ಪೆಟ್ರೋಲ್ ಕಡಿಮೆ. ಪೆಟ್ರೋಲ್ ಕಡಿಮೆ ಎಂದರೆ ತೆರಿಗೆ ಕಡಿಮೆ. ಅದರ ಮೇಲೆ ಬಂತು ವಿದ್ಯುತ್ ವಾಹನ. ಇದರಲ್ಲಿ ನಮ್ಮ ನಾಡು ಮುಂದು. ರೇವಾ ಎಂಬ ಪುಟ್ಟ ಕಾರು 2001ರಲ್ಲೇ ಬೆಂಗಳೂರಿನ ಬೀದಿಗೆ ಇಳಿದಿತ್ತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ತಂದದ್ದೂ ಕರ್ನಾಟಕವೇ.

ಈಗ ಒಂದು ಲೆಕ್ಕ ಹಾಕಿ. ಬಾಯಿಲೆಕ್ಕ ಸಾಕು. ಎಲ್ಲ ಸೇರಿ ಲೀಟರಿಗೆ ನಲವತ್ತು ರೂಪಾಯಿ ತೆರಿಗೆ ಎಂದುಕೊಳ್ಳೋಣ. ಎಲ್ಲರೂ ಸಾವಿರ ಕಿಲೋಮೀಟರ್ ಓಡಿಸಿದರು ಎನ್ನೋಣ. ಹತ್ತು ಕಿಲೋಮೀಟರ್ ಕೊಡುವ ಹಳೇ ಕಾರಿನವನು ನೂರು ಲೀಟರ್ ಹಾಕಿಸಿ 4,000 ರೂಪಾಯಿ ಕಟ್ಟುತ್ತಾನೆ. ಇಪ್ಪತ್ತು ಕೊಡುವ ಹೊಸ ಕಾರಿನವನು 2,000. ಐವತ್ತು ಕೊಡುವ ಸ್ಕೂಟರಿನವನು 800. ಇಪ್ಪತ್ತು ಲಕ್ಷದ ವಿದ್ಯುತ್ ಕಾರಿನವನು? ಸೊನ್ನೆ! ಆತ ಕರೆಂಟ್ ಬಿಲ್ಲಿನಲ್ಲಿ ತೆರಿಗೆ ಕಟ್ಟುತ್ತಾನೆ ನಿಜ, ಆದರೆ ಅದು ರಸ್ತೆಗೆಂದು ಹಾಕಿದ ತೆರಿಗೆಯಲ್ಲ. ರಸ್ತೆ ಮಾತ್ರ ನಾಲ್ವರಿಗೂ ಒಂದೇ.

ಹಾಗೆಂದು ವಿದ್ಯುತ್ ವಾಹನವನ್ನು ಬೈಯಲು ನಾನು ನಿಂತಿಲ್ಲ. ಈ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗೂ ಹೆಚ್ಚು ಹೊರದೇಶದಿಂದ ಬರುತ್ತದೆ. ಅದು ಕಡಿಮೆಯಾಗಲಿ, ಹೊಗೆಯೂ ಕಡಿಮೆಯಾಗಲಿ. ನಾನೇ ಎರಡು ವರ್ಷದ ಹಿಂದೆ ಡೀಸೆಲ್ ಲಗೇಜ್ ಆಟೋ ಮಾರಿ ಕರೆಂಟಿನದನ್ನು ಕೊಂಡೆ. ಪೇಪರ್ ಬಂಡಲ್ ತರುವುದು, ಅಚ್ಚಾದ ಮಾಲು ತಲುಪಿಸುವುದು ಎಲ್ಲ ಅದರಲ್ಲೇ. ಮೊದಲ ತಿಂಗಳು ಡೀಸೆಲ್ ಖರ್ಚು ಉಳಿದಾಗ ಖುಷಿಯಾಯಿತು. ಆಮೇಲೆ ಒಂದು ದಿನ, ನಮ್ಮ ಬೀದಿ ತಿರುವಿನ ಗುಂಡಿಗೆ ಚಕ್ರ ಇಳಿದು ಕರಪತ್ರದ ಬಂಡಲ್ ಕೆಸರಿಗೆ ಬಿತ್ತು. ನಗರಸಭೆಯವರನ್ನು ಬೈಯಲು ಬಾಯಿ ತೆರೆದೆ, ಅಮ್ಮನ ಮಾತು ನೆನಪಾಯಿತು. ಪಕ್ಕದ ಬೀದಿಯ ಆ ಮುದ್ರಕ ಈಗ ನಾನೇ ಅಲ್ಲವೇ! ದಿನವೂ ಮೆಷಿನ್ ತುಳಿಯುತ್ತಿದ್ದೇನೆ, ಇಂಕಿನ ಡಬ್ಬ ಕೊಳ್ಳುತ್ತಿಲ್ಲ.

"ಟೋಲ್ ಇದೆಯಲ್ಲ ಸ್ವಾಮಿ" ಎಂದು ಸಭೆಯಲ್ಲೊಬ್ಬರು ಕೇಳಿದರು. ಇದೆ. 2021ರಿಂದ ಫಾಸ್ಟ್ಯಾಗ್ ಕಡ್ಡಾಯ. 2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾದ ಎರಡೇ ದಿನಕ್ಕೆ ಟೋಲ್ ವಸೂಲಿ ಶುರುವಾಗಿ ಗಲಾಟೆಯೂ ಆಯಿತು. ಆದರೆ ಟೋಲ್ ಇರುವುದು ಆಯ್ದ ದೊಡ್ಡ ರಸ್ತೆಗಳಿಗೆ. ನಿಮ್ಮೂರ ಸಂತೆ ರಸ್ತೆಗೆ, ಶಾಲೆ ರಸ್ತೆಗೆ, ತೋಟದಿಂದ ಮಂಡಿಗೆ ಅಡಿಕೆ ಸಾಗಿಸುವ ರಸ್ತೆಗೆ ಟೋಲ್ ಗೇಟು ಹಾಕಲಾದೀತೇ? ಗೇಟಿನವರ ಸಂಬಳವೂ ಹುಟ್ಟದು. ನಮ್ಮ ಬದುಕು ನಡೆಯುವುದು ಆ ರಸ್ತೆಗಳ ಮೇಲೆ. ದುಡ್ಡು ಒಣಗಿದರೆ ಮೊದಲು ಗುಂಡಿ ಬೀಳುವುದೂ ಅಲ್ಲೇ.

"ಲೈಫ್ ಟ್ಯಾಕ್ಸ್ ಕಟ್ಟುತ್ತೇವಲ್ಲ" ಎಂದು ಇನ್ನೊಬ್ಬರು. ಅದೂ ನಿಜ. ಕಾರು ಕೊಳ್ಳುವಾಗ ಒಂದೇ ಸಲ ಕಟ್ಟುವ ಈ ತೆರಿಗೆ ನಮ್ಮ ರಾಜ್ಯದಲ್ಲಿ ಭಾರೀ ಎಂದೇ ಹೆಸರಾಗಿದೆ. ವಿದ್ಯುತ್ ವಾಹನಗಳಿಗೆ 2016ರಲ್ಲಿ ಮಾಫಿ ಸಿಕ್ಕಿತು. 2024ರಲ್ಲಿ, 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇಕಡ 10 ಹಾಕಿದರು. ಆದರೆ ಈ ತೆರಿಗೆ ನೋಡುವುದು ಕಾರಿನ ಬೆಲೆಯನ್ನು. ಓಡಿದ ದೂರವನ್ನು ನೋಡುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿಸುವ ನಿವೃತ್ತ ಮೇಷ್ಟರಿಗೂ, ಮೂವತ್ತು ಸಾವಿರ ಓಡಿಸುವ ವ್ಯಾಪಾರಿಗೂ ಕಾರು ಒಂದೇ ಆದರೆ ತೆರಿಗೆಯೂ ಒಂದೇ!

ಹಾಗಾದರೆ ದಾರಿ ಏನು? ನಮ್ಮಪ್ಪ ಕೊನೆಗೆ ಏನು ಮಾಡಿದರು ಗೊತ್ತೇ? ಮೆಷಿನ್ನಿಗೆ ಒಂದು ಕೌಂಟರ್ ಹಾಕಿಸಿದರು. ಒಂದು ಸಲ ಒತ್ತಿದರೆ ಒಂದು ಅಂಕಿ. ತಿಂಗಳ ಕೊನೆಗೆ ಅಂಕಿ ನೋಡಿ ಬಾಡಿಗೆ. ರಟ್ಟಿನ ಕೆಲಸಕ್ಕೆ ದರ ಬೇರೆ, ಏಕೆಂದರೆ ಒತ್ತಡ ಹೆಚ್ಚು. ಜಗಳ ಮುಗಿಯಿತು. ಪಕ್ಕದ ಬೀದಿಯವರೂ ಒಪ್ಪಿದರು, ಲೆಕ್ಕ ಕಣ್ಣೆದುರಿಗೇ ಇತ್ತಲ್ಲ.

ಹೊರಗಿನ ದೇಶಗಳು ಈ ದಾರಿ ಹಿಡಿದಿವೆ. ನ್ಯೂಜಿಲೆಂಡ್ ಪುಟ್ಟ ದೇಶ. ಅಲ್ಲಿ ಡೀಸೆಲ್ ಗಾಡಿಗಳು 1970ರ ದಶಕದಿಂದಲೇ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಕಟ್ಟುತ್ತಿವೆ. ಸಾವಿರ ಕಿಲೋಮೀಟರಿಗೆ ಇಷ್ಟೆಂದು ಮುಂಗಡ ಚೀಟಿ ಕೊಳ್ಳುವುದು, ಗಾಡಿಯ ಮೀಟರ್ ಅದನ್ನು ದಾಟಿದರೆ ಮತ್ತೆ ಕೊಳ್ಳುವುದು. 2024ರ ಏಪ್ರಿಲ್ 1ರಿಂದ ವಿದ್ಯುತ್ ಕಾರುಗಳನ್ನೂ ಇದಕ್ಕೆ ಸೇರಿಸಿದರು, ಸಾವಿರ ಕಿಲೋಮೀಟರಿಗೆ 76 ಡಾಲರ್. ಅಮೆರಿಕದ ಕೇಂದ್ರ ಸರ್ಕಾರ ಪೆಟ್ರೋಲ್ ತೆರಿಗೆಯನ್ನು 1993ರಲ್ಲಿ ಗ್ಯಾಲನ್ನಿಗೆ 18.4 ಸೆಂಟಿಗೆ ನಿಲ್ಲಿಸಿ ಕೂತಿತು. ಸಿಮೆಂಟು, ಡಾಂಬರು, ಕೂಲಿ ಎಲ್ಲದರ ಬೆಲೆ ಏರಿತು, ತೆರಿಗೆ ಏರಲಿಲ್ಲ. 2008ರಿಂದ ಹೆದ್ದಾರಿ ನಿಧಿಗೆ ಸಾಮಾನ್ಯ ಖಜಾನೆಯಿಂದ ದುಡ್ಡು ಸುರಿಯುತ್ತಾ ಬಂದಿದ್ದಾರೆ. ಮೊದಲು ಪೆಟ್ರೋಲ್ ತೆರಿಗೆ ಹಾಕಿದ ಆ ಆರೆಗಾನ್ ರಾಜ್ಯವೇ 2015ರಲ್ಲಿ ಮೈಲಿಗೆ ಒಂದೂವರೆ ಸೆಂಟ್ ಎಂಬ ಹೊಸ ಪದ್ಧತಿಯನ್ನು, ಇಷ್ಟವಿದ್ದವರು ಬನ್ನಿ ಎಂದು ಶುರು ಮಾಡಿತು. ಹಾವನ್ನು ಬಿಟ್ಟವನೇ ಬುಟ್ಟಿಗೆ ಹಾಕಲು ಹೊರಟ ಹಾಗೆ!

ಆದರೆ ಬಂಧುಗಳೇ, ಕನ್ನಡಿಗರಾದ ನಾವು ಕಲಿಯಬೇಕಾದ ದೊಡ್ಡ ಪಾಠ ಆಸ್ಟ್ರೇಲಿಯಾದಲ್ಲಿದೆ. ಅಲ್ಲಿನ ವಿಕ್ಟೋರಿಯಾ ರಾಜ್ಯ 2021ರಲ್ಲಿ ವಿದ್ಯುತ್ ಕಾರುಗಳಿಗೆ ಕಿಲೋಮೀಟರಿಗೆ ಎರಡೂವರೆ ಸೆಂಟ್ ಹಾಕಿತು. ಇಬ್ಬರು ಕಾರು ಮಾಲೀಕರು ಕೋರ್ಟಿಗೆ ಹೋದರು. 2023ರ ಅಕ್ಟೋಬರ್‌ನಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯ, ಇದು ಅಬಕಾರಿ ಸುಂಕದ ಜಾತಿಗೆ ಸೇರಿದ್ದು, ಇದನ್ನು ಹಾಕುವ ಅಧಿಕಾರ ಕೇಂದ್ರಕ್ಕೆ ಮಾತ್ರ, ರಾಜ್ಯಕ್ಕಿಲ್ಲ ಎಂದು ರದ್ದು ಮಾಡಿತು. ರಸ್ತೆ ರಾಜ್ಯದ್ದು, ರಿಪೇರಿ ರಾಜ್ಯದ್ದು, ವಸೂಲಿಯ ಹಕ್ಕು ಮಾತ್ರ ಇಲ್ಲ!

ನಮ್ಮಲ್ಲಿ ಹಾಗಲ್ಲ. ನಮ್ಮ ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ರಾಜ್ಯ ಪಟ್ಟಿಯ 13ನೇ ನಮೂದಿನಲ್ಲಿ ರಸ್ತೆ, ಸೇತುವೆ ಇವೆ. 57ರಲ್ಲಿ ರಸ್ತೆಯಲ್ಲಿ ಓಡುವ ವಾಹನಗಳ ಮೇಲಿನ ತೆರಿಗೆ ಇದೆ. 59ರಲ್ಲಿ ಟೋಲ್ ಇದೆ. ರಾಷ್ಟ್ರೀಯ ಹೆದ್ದಾರಿಗಳು ಮಾತ್ರ ಕೇಂದ್ರದ ಪಟ್ಟಿಯಲ್ಲಿವೆ. ಅಂದರೆ ವಾಹನದ ಮೇಲೆ ತೆರಿಗೆ ಹಾಕುವ ಹಕ್ಕನ್ನು ಸಂವಿಧಾನ ಬರೆದವರು ರಾಜ್ಯದ ಕೈಗೇ ಕೊಟ್ಟಿದ್ದಾರೆ. ಆ ಹಕ್ಕು ಕೈಯಲ್ಲಿದೆ, ಬಳಸುವ ಬುದ್ಧಿ ಬೇಕು.

ಬಳಸದಿದ್ದರೆ ಏನಾಗುತ್ತದೆ? ಪೆಟ್ರೋಲಿನ ಕಥೆಯೇ ಸಾಕ್ಷಿ. ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ ಹಾಕುವ ಸೆಸ್ಸು ರಾಜ್ಯಗಳಿಗೆ ಹಂಚುವ ತೆರಿಗೆಗಳ ರಾಶಿಗೆ ಸೇರುವುದಿಲ್ಲ. ಸಂವಿಧಾನದ 270ನೇ ವಿಧಿ ಸೆಸ್ಸನ್ನೂ ಸರ್ಚಾರ್ಜನ್ನೂ ಆ ರಾಶಿಯಿಂದ ಹೊರಗಿಟ್ಟಿದೆ. ರಸ್ತೆ ನಿಧಿಗೂ 2018ರಲ್ಲಿ "ಮೂಲಸೌಕರ್ಯ" ಎಂಬ ಮಾತು ಸೇರಿಸಿ, ರಸ್ತೆಯ ಜೊತೆಗೆ ಬೇರೆ ಕಾಮಗಾರಿಗಳಿಗೂ ಅದನ್ನು ತೆರೆದರು. ಅದೇ ದಾರಿಯಲ್ಲಿ ನಾಳೆ ಕಿಲೋಮೀಟರ್ ಲೆಕ್ಕವೂ ದೆಹಲಿಯಿಂದಲೇ, ಉಪಗ್ರಹದ ಮೂಲಕವೇ ಬಂದರೆ ನಮ್ಮ ಸಂತೆ ರಸ್ತೆಗೆ ಉಳಿಯುವುದೇನು? ಇದು ಬರಿಯ ಊಹೆಯಲ್ಲ. ಉಪಗ್ರಹ ನೋಡಿ ಟೋಲ್ ಹಾಕುವ ಪ್ರಯೋಗಕ್ಕೆ ಕೇಂದ್ರ ಆರಿಸಿಕೊಂಡ ಹೆದ್ದಾರಿಗಳಲ್ಲಿ ಒಂದು ನಮ್ಮ ಬೆಂಗಳೂರು-ಮೈಸೂರು ರಸ್ತೆಯೇ. 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ನಿಯಮವನ್ನೂ ತಿದ್ದಿದರು.

ಉಪಗ್ರಹದ ಲೆಕ್ಕದಲ್ಲಿ ಇನ್ನೊಂದು ಕಿರಿಕಿರಿ ಇದೆ. ನಾನು ಎಷ್ಟು ಓಡಿಸಿದೆ ಎಂಬುದು ಸರ್ಕಾರಕ್ಕೆ ಬೇಕು, ಕೊಡೋಣ. ಎಲ್ಲಿಗೆ ಹೋದೆ, ಯಾರ ಮನೆ ಮುಂದೆ ನಿಲ್ಲಿಸಿದೆ, ಯಾವ ಚಳವಳಿಯ ಸಭೆಗೆ ಕರಪತ್ರ ಇಳಿಸಿ ಬಂದೆ, ಇದೆಲ್ಲ ಅವರಿಗೆ ಯಾಕೆ? ಅಪ್ಪನ ಕೌಂಟರ್ ಅಂಕಿ ತೋರಿಸುತ್ತಿತ್ತು. ಯಾರ ಲಗ್ನಪತ್ರಿಕೆ ಅಚ್ಚಾಯಿತು ಎಂದು ಹೇಳುತ್ತಿರಲಿಲ್ಲ.

ಇನ್ನು ರಟ್ಟಿನ ಕೆಲಸದ ಮಾತು, ಅಂದರೆ ಭಾರದ ಮಾತು. ಅಮೆರಿಕದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ಭಾರದ ಲಾರಿಗಳನ್ನು ರಸ್ತೆಯ ಮೇಲೆ ಓಡಿಸಿ ಓಡಿಸಿ ಪರೀಕ್ಷೆ ಮಾಡಿದರು. ಅದರಿಂದ ಹೊರಟ ಸೂತ್ರ ಹೀಗಿದೆ: ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು! 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂದು ಆಕ್ಸಲ್ಲಿಗೆ 10.2 ಟನ್ ಇದ್ದ ಮಿತಿಯನ್ನು 11.5 ಟನ್ನಿಗೆ ಏರಿಸಿತು. ನೋಡಲು ಒಂದು ಟನ್ ಚಿಲ್ಲರೆ. ಸೂತ್ರಕ್ಕೆ ಹಾಕಿದರೆ ಹಾನಿ ಒಂದೂವರೆ ಪಟ್ಟಿಗೂ ಮಿಕ್ಕಿ ಹೋಗುತ್ತದೆ. ಮಿತಿಯ ಮೇಲೂ ತುಂಬಿದರೆ ಏನಾಗುತ್ತದೆ ಎಂಬುದನ್ನು ಬಳ್ಳಾರಿ, ಹೊಸಪೇಟೆ ಕಡೆಯ ಜನರನ್ನು ಕೇಳಿ. ಅದಿರು ಲಾರಿಗಳ ಕಾಲದಲ್ಲಿ ಅಲ್ಲಿನ ರಸ್ತೆಗಳು ಎತ್ತಿನ ಗಾಡಿಯ ಜಾಡಿಗಿಂತ ಕಡೆಯಾಗಿದ್ದವು. ಲಾಭ ಹಡಗು ಹತ್ತಿ ಹೋಯಿತು, ಗುಂಡಿ ನಮಗೆ ಉಳಿಯಿತು.

ಲಾರಿ ಚಾಲಕ ನಮ್ಮವನೇ, ಅವನ ಮೇಲೆ ನನಗೆ ಸಿಟ್ಟಿಲ್ಲ. ಡೀಸೆಲ್, ಟೋಲ್, ತ್ರೈಮಾಸಿಕ ತೆರಿಗೆ ಎಂದು ಅವನು ಈಗಲೇ ಬೇಯುತ್ತಿದ್ದಾನೆ. ಅದೇ ಮಾಲನ್ನು ಹೆಚ್ಚು ಆಕ್ಸಲ್ ಇರುವ ಗಾಡಿಯಲ್ಲಿ ಹಂಚಿ ಹೇರಿದರೆ ರಸ್ತೆಗೂ ಹಗುರ. ಅಂಥ ಗಾಡಿಗೆ ದರ ಕಡಿಮೆ ಮಾಡಿ, ಒಂದೇ ಆಕ್ಸಲ್ಲಿನ ಮೇಲೆ ಗುಡ್ಡ ಹೇರುವವನಿಗೆ ಹೆಚ್ಚು ಮಾಡಿ. ಆಗ ಮಾಲೀಕನೇ ದಾರಿಗೆ ಬರುತ್ತಾನೆ.

ಈಗ ನನ್ನ ಸಲಹೆ ಕೇಳಿ. ತಪ್ಪಿದ್ದರೆ ತಿದ್ದಿ.

ಒಂದು, ಓಡಿದ ಕಿಲೋಮೀಟರಿನ ಮೇಲೆ ರಸ್ತೆ ಶುಲ್ಕ ಬರಲಿ. ಉಪಗ್ರಹ ಬೇಡ. ವರ್ಷಕ್ಕೊಮ್ಮೆ ಇನ್ಶೂರೆನ್ಸ್ ಕಟ್ಟುವಾಗ, ಬಾಡಿಗೆ ಗಾಡಿಯಾದರೆ ಎಫ್‌ಸಿ ಮಾಡಿಸುವಾಗ, ಮೀಟರ್ ನೋಡಿ ಬರೆದುಕೊಂಡರೆ ಸಾಕು. ಮೀಟರ್ ತಿರುಚುವವರು ಇದ್ದೇ ಇರುತ್ತಾರೆ, ಅದಕ್ಕೆ ಕಠಿಣ ದಂಡವೂ ಇರಲಿ. ಕರೆಂಟ್ ಮೀಟರಿಗೂ ಕಳ್ಳರಿದ್ದಾರೆ, ಹಾಗೆಂದು ಮೀಟರ್ ಕಿತ್ತು ಹಾಕಿದೆವೇ?

ಎರಡು, ಭಾರಕ್ಕೆ ತಕ್ಕ ದರ ಇರಲಿ.

ಮೂರು, ಶುಲ್ಕ ಮೊದಲು ಪೆಟ್ರೋಲ್ ಹಾಕಿಸದ ಕಾರುಗಳಿಂದ ಶುರುವಾಗಲಿ, ದರ ಮೊದಮೊದಲು ಕಡಿಮೆ ಇರಲಿ. ಪೆಟ್ರೋಲ್ ಗಾಡಿಗಳಿಗೆ ಬಂದಾಗ ಪೆಟ್ರೋಲ್ ಮೇಲಿನ ತೆರಿಗೆ ಅಷ್ಟು ಇಳಿಯಬೇಕು. ಒಂದೇ ರಸ್ತೆಗೆ ಎರಡು ಬಾಡಿಗೆ ಕೂಡದು! ಹಾಲು ಹಾಕುವವನ, ಪೇಪರ್ ಹಾಕುವವನ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳ ದ್ವಿಚಕ್ರ ವಾಹನಕ್ಕೆ ಇಂತಿಷ್ಟು ಕಿಲೋಮೀಟರ್ ಉಚಿತವಾಗಿರಲಿ.

ನಾಲ್ಕು, ಈ ಶುಲ್ಕವನ್ನು ರಾಜ್ಯವೇ ಹಾಕಲಿ, ರಾಜ್ಯದಲ್ಲೇ ಉಳಿಯಲಿ. ಅದರಲ್ಲಿ ಗೊತ್ತಾದ ಪಾಲು ಗ್ರಾಮ ಪಂಚಾಯಿತಿಗೂ ನಗರಸಭೆಗೂ ನೇರವಾಗಿ ಹೋಗಲಿ.

ಐದು, ಲೆಕ್ಕ ಕನ್ನಡದಲ್ಲಿರಲಿ. ಹೆದ್ದಾರಿಯ ಒಂದು ಟೋಲ್ ಗೇಟಿನಲ್ಲಿ ನನಗೆ ಕೊಟ್ಟ ಚೀಟಿಯಲ್ಲಿ ಒಂದಕ್ಷರ ಕನ್ನಡ ಇರಲಿಲ್ಲ. ಕೇಳಿದ್ದಕ್ಕೆ ಅಲ್ಲಿದ್ದವನು ನನ್ನ ಮುಖ ನೋಡಿ ನಕ್ಕ. ರಸೀದಿ ಅಚ್ಚು ಹಾಕಿಯೇ ಬದುಕುವ ನನಗೆ ಅದೆಷ್ಟು ಉರಿದಿರಬೇಕು! ದುಡ್ಡು ಕೊಟ್ಟವನಿಗೆ ಅರ್ಥವಾಗದ ರಸೀದಿ ರಸೀದಿಯೇ ಅಲ್ಲ. ಯಾವ ರಸ್ತೆಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಗುತ್ತಿಗೆ ಯಾರದು, ಎಷ್ಟು ವರ್ಷ ಬಾಳಬೇಕು ಎಂದು ಪ್ರತಿ ರಸ್ತೆಯ ತುದಿಯಲ್ಲೂ ಕನ್ನಡದಲ್ಲಿ ಬೋರ್ಡು ನಿಲ್ಲಲಿ. ಜನ ತೆರಿಗೆ ಕಟ್ಟಲು ಹಿಂಜರಿಯುವುದು ದುಡ್ಡಿನ ಆಸೆಗಿಂತ ಲೆಕ್ಕ ಸಿಗದ ಸಿಟ್ಟಿಗೆ.

ಮಿತ್ರರೇ, ಇದು ಇಂದೇ ಸಿಡಿಯುವ ಬಾಂಬಲ್ಲ, ಇನ್ನೂ ಬಂಕುಗಳ ಮುಂದೆ ಸಾಲು ಇದೆ. ಆದರೆ ಅಪ್ಪನ ಇಂಕಿನ ಡಬ್ಬವೂ ಒಂದೇ ದಿನಕ್ಕೆ ನಿಲ್ಲಲಿಲ್ಲ. ತಿಂಗಳಿಗೊಂದು ಕಡಿಮೆಯಾಯಿತು, ಮೆಷಿನ್ ಮುರಿದ ದಿನ ಗೊತ್ತಾಯಿತು. ನಿಮ್ಮ ಊರಿಗೆ ಶಾಸಕರು ಬಂದಾಗ ಹಾರ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: "ಪೆಟ್ರೋಲ್ ತೆರಿಗೆ ಕರಗಿದ ಮೇಲೆ ನಮ್ಮ ರಸ್ತೆಗೆ ದುಡ್ಡು ಎಲ್ಲಿಂದ ತರುತ್ತೀರಿ? ವಸೂಲು ಮಾಡುವುದು ಬೆಂಗಳೂರೋ ದೆಹಲಿಯೋ?" ಉತ್ತರ ಬರೆಸಿಕೊಂಡು ಬನ್ನಿ. ಅಚ್ಚು ಹಾಕುವ ಖರ್ಚು ನನ್ನದು.

ನಾನಂತೂ ಈ ವರ್ಷ ಯುಗಾದಿಯಿಂದ ನನ್ನ ಲಗೇಜ್ ಆಟೋ ಓಡಿದ ಕಿಲೋಮೀಟರನ್ನು ಪ್ರೆಸ್ಸಿನ ಗೋಡೆಯ ಮೇಲೆ ತಿಂಗಳು ತಿಂಗಳು ಬರೆಯುತ್ತಿದ್ದೇನೆ. ಕೇಳುವವರು ಇನ್ನೂ ಬಂದಿಲ್ಲ. ಬಂದ ದಿನ ಲೆಕ್ಕ ತಯಾರಿರುತ್ತದೆ.